ಮಾಡ್ಯುಲರ್ ಡಿಸೈನ್‌ನಿಂದ ನಿಜವಾಗಿ ಎಷ್ಟು ಉಳಿಯಿತು ಅಂತ ಅಳೆಯುವುದು ಹೇಗೆ? (ಅಡಿಕೆ ಸುಲಿಯುವ ಯಂತ್ರ, ತುಮಕೂರು)

ಅಂತರಸನಹಳ್ಳಿ_ಫ್ಯಾಬ್

ಎಲ್ಲರಿಗೂ ನಮಸ್ಕಾರ. ಅಡಿಕೆ ಸುಲಿಯುವ ಯಂತ್ರ, ನಾಲ್ಕು ಮಾಡೆಲ್: 2, 4, 6, 8 ಸಾಲಿನವು. ಮೋಟರ್ ಕ್ರಮವಾಗಿ 1, 2, 3, 5 ಎಚ್‌ಪಿ. ವರ್ಷಕ್ಕೆ ಹೋಗುವುದು ಅದೇ ಕ್ರಮದಲ್ಲಿ 180, 90, 40, 25 ಯಂತ್ರ. ಈಗ ಪ್ರತಿ ಮಾಡೆಲ್‌ಗೂ ಬೇರೆ ಫ್ರೇಮ್, ಬೇರೆ ಹಾಪರ್ (ಅಡಿಕೆ ಸುರಿಯುವ ಬಾಯಿ), ಬೇರೆ ಡ್ರೈವ್ ಪ್ಲೇಟ್ (ಮೋಟರ್ ಕೂರುವ ಪ್ಲೇಟ್). ಹೊಸ ಡಿಸೈನ್‌ನಲ್ಲಿ ಎರಡು ಸಾಲಿಗೆ ಒಂದು ಸುಲಿಯುವ ಮಾಡ್ಯೂಲ್, ಅಂದರೆ ಬಿಡಿಯಾಗಿ ಮಾಡಿಟ್ಟು ಜೋಡಿಸಬಹುದಾದ ಘಟಕ. ಅದನ್ನೇ ಒಂದು, ಎರಡು, ಮೂರು, ನಾಲ್ಕು ಜೋಡಿಸಿದರೆ ನಾಲ್ಕೂ ಮಾಡೆಲ್ ಆಗುತ್ತೆ. ಡ್ರೈವ್ ಒಂದೇ, ಬೇಸ್ ರೈಲ್ ಮಾತ್ರ ಉದ್ದ ಬದಲಾಗುತ್ತೆ.

ಡ್ರಾಯಿಂಗ್ ಮುಕ್ಕಾಲು ಮುಗಿದಿದೆ. ಜಿಗ್, ಫಿಕ್ಸ್ಚರ್‌ಗೆ (ಕೊರೆಯುವಾಗ, ವೆಲ್ಡ್ ಮಾಡುವಾಗ ಭಾಗವನ್ನು ಸರಿಯಾದ ಜಾಗದಲ್ಲಿ ಹಿಡಿಯುವ ಸಾಧನ) ಹಣ ಕೇಳಿದರೆ ಮಾಲೀಕರ ಪ್ರಶ್ನೆ ಎರಡೇ: ವರ್ಷಕ್ಕೆ ಎಷ್ಟು ಉಳಿಯುತ್ತೆ? ಉಳಿದಿದೆ ಅಂತ ನನಗೆ ಹೇಗೆ ಗೊತ್ತಾಗುತ್ತೆ? ಪಾರ್ಟ್ ನಂಬರ್ (ಬೇರೆ ಬೇರೆ ಬಿಡಿಭಾಗಗಳ ಸಂಖ್ಯೆ) 310ರಿಂದ 136ಕ್ಕೆ ಇಳಿಯುತ್ತೆ ಅನ್ನುವುದು ಸದ್ಯಕ್ಕೆ ಕೈಯಲ್ಲಿರುವ ಒಂದೇ ಅಂಕಿ. ಇದನ್ನು ದುಡ್ಡಿಗೆ ತರುವ ಸರಿಯಾದ ದಾರಿ ಬೇಕು.

ವಸಂತನರಸಾಪುರ_ಡಿಸೈನ್

ಮೊದಲು ಒಂದು ಕೆಲಸ, ಅದೂ ಫಿಕ್ಸ್ಚರ್‌ಗೆ ಪಿ.ಒ. (ಖರೀದಿ ಆದೇಶ) ಹಾಕುವ ಮುಂಚೆ: ಹಿಂದಿನ 12 ತಿಂಗಳ ಲೆಕ್ಕ ತೆಗೆದು ಬೀಗ ಹಾಕಿಡಿ. ಆಮೇಲೆ ಹುಡುಕಿದರೆ ಸಿಗಲ್ಲ. ಸಿಕ್ಕರೂ ಪ್ರತಿಯೊಬ್ಬರೂ ತಮಗೆ ಬೇಕಾದ ಹಾಗೆ ನೆನಪಿಸಿಕೊಳ್ಳುತ್ತಾರೆ. ಬೇಕಾಗಿರುವುದು ಇಷ್ಟು: ಮಾಡೆಲ್‌ವಾರು ಬಿಓಎಂ (ಒಂದು ಯಂತ್ರಕ್ಕೆ ಬೇಕಾದ ಭಾಗಗಳ ಪಟ್ಟಿ) ಸಾಲುಗಳು, ಪಿ.ಒ. ಸಾಲುಗಳ ಒಟ್ಟು ಸಂಖ್ಯೆ, ತಿಂಗಳ ಕೊನೆಯ ಸ್ಟಾಕ್ (ಯಂತ್ರ, ಅರೆಬರೆ ಮಾಲು, ಕಚ್ಚಾ ಮಾಲು ಬೇರೆ ಬೇರೆಯಾಗಿ), ಆರ್ಡರ್ ಖಚಿತವಾದ ದಿನ ಮತ್ತು ಗೇಟ್ ದಾಟಿದ ದಿನ, ಪ್ರತಿ ಆರ್ಡರ್‌ಗೆ ಡಿಸೈನ್‌ನವರು ಕೊಟ್ಟ ಗಂಟೆ, ವಾರಂಟಿಯಲ್ಲಿ ಹೋದ ಬಿಡಿಭಾಗ. ದರಗಳನ್ನು ಅದೇ ವರ್ಷದ್ದಕ್ಕೆ ಕಟ್ಟಿಹಾಕಿ. ಇಲ್ಲದಿದ್ದರೆ ಸ್ಟೀಲ್ ರೇಟು ಕೆಜಿಗೆ ಐದು ರೂಪಾಯಿ ಇಳಿದ ವರ್ಷ ಅದೆಲ್ಲ ಮಾಡ್ಯೂಲ್‌ನ ಪುಣ್ಯ ಅಂತ ಬರೆದುಕೊಳ್ಳುತ್ತೀರಿ, ಏರಿದ ವರ್ಷ ಮಾಡ್ಯೂಲ್‌ನ ಮೇಲೆ ತಪ್ಪು ಹೊರಿಸುತ್ತೀರಿ.

ಡೆಲಿವರಿ ದಿನಗಳಿಗೆ ಸರಾಸರಿ ಹಾಕಬೇಡಿ, ಮೀಡಿಯನ್ (ಏರಿಕೆ ಕ್ರಮದಲ್ಲಿ ಜೋಡಿಸಿದಾಗ ನಟ್ಟ ನಡುವೆ ಬರುವ ಅಂಕಿ) ಹಾಕಿ. ಒಂದು ಆರ್ಡರ್ ರೈತನ ಲೋನ್‌ಗೆ ಕಾಯುತ್ತ 90 ದಿನ ನಿಂತರೆ ಸರಾಸರಿ ಪೂರ್ತಿ ಕೆಡುತ್ತೆ.

ಇನ್ನು 310, 136. ಬರೀ ಎಣಿಕೆಗಿಂತ ಕಾಮನಾಲಿಟಿ ಇಂಡೆಕ್ಸ್ (ಮಾಡೆಲ್ಲುಗಳು ಭಾಗಗಳನ್ನು ಎಷ್ಟು ಹಂಚಿಕೊಳ್ಳುತ್ತವೆ ಅನ್ನುವ ಅಂಕಿ) ಒಳ್ಳೆಯದು. 1981ರಲ್ಲಿ ಡೇವಿಡ್ ಕೊಲಿಯರ್ ಕೊಟ್ಟ ಅಳತೆ, ಇವತ್ತಿಗೂ ಸಣ್ಣ ಕಾರ್ಖಾನೆಗೆ ಸಾಕು. ಎಲ್ಲ ಮಾಡೆಲ್‌ಗಳ ಬಿಓಎಂ ಸಾಲು ಕೂಡಿ, ಒಟ್ಟು ಬೇರೆ ಬೇರೆ ಪಾರ್ಟ್ ನಂಬರಿನಿಂದ ಭಾಗಿಸಿ. ನಿಮ್ಮ ಈಗಿನ ನಾಲ್ಕು ಬಿಓಎಂ ಕೂಡಿ 440 ಸಾಲು ಅಂತಿಟ್ಟುಕೊಂಡರೆ 440 ಭಾಗಿಸು 310, ಅಂದರೆ 1.42. ಹೊಸದರಲ್ಲಿ 408 ಸಾಲು ಅಂತಾದರೆ 408 ಭಾಗಿಸು 136, ಸರಿಯಾಗಿ 3. ಏನೂ ಹಂಚಿಕೊಳ್ಳದಿದ್ದರೆ 1 ಬರುತ್ತೆ, ನಾಲ್ಕೂ ಮಾಡೆಲ್ ಎಲ್ಲವನ್ನೂ ಹಂಚಿಕೊಂಡರೆ 4.

ಇದರ ದೋಷವನ್ನೂ ಹೇಳಬೇಕು. ಇದಕ್ಕೆ ವಾಷರ್ರೂ ಒಂದೇ, ಡ್ರಮ್ಮೂ ಒಂದೇ. ಬೋಲ್ಟುಗಳನ್ನೆಲ್ಲ ಎಂ8, ಎಂ10 ಎರಡಕ್ಕೇ ತಂದರೂ ಇಂಡೆಕ್ಸ್ ಜಿಗಿಯುತ್ತೆ, ಖರ್ಚು ಅಲ್ಲೇ ಇರುತ್ತೆ. ಹಾಗಾಗಿ ಪಕ್ಕದಲ್ಲಿ ಇನ್ನೊಂದು ಅಂಕಿ ಇಡಿ: ವರ್ಷದ ಒಟ್ಟು ಖರೀದಿ ರೂಪಾಯಿಯಲ್ಲಿ ಮೂರು ಅಥವಾ ಹೆಚ್ಚು ಮಾಡೆಲ್‌ಗೆ ಹೋಗುವ ಭಾಗಗಳ ಪಾಲು ಶೇಕಡಾ ಎಷ್ಟು. ಎರಡೂ ಒಟ್ಟಿಗೆ ಏರಿದರೆ ಮಾತ್ರ ಕೆಲಸ ಆಗಿದೆ ಅಂತ ನಂಬಿ.

ಕೋಲಾರ_ಕಾಸ್ಟ್_ಲೆಕ್ಕ

ಡಿಸೈನ್ ಸರ್ ಹೇಳಿದ್ದು ಸರಿ. ದುಡ್ಡಿನ ಭಾಗ ನಾನು ಹೇಳ್ತೀನಿ, ಏಕೆಂದರೆ ಮಾಲೀಕರ ಮುಂದೆ ಮುಗ್ಗರಿಸುವುದು ಇಲ್ಲೇ.

ಒಂದು ಪಾರ್ಟ್ ನಂಬರ್ ಸಾಕುವುದಕ್ಕೆ ಎಷ್ಟು ಖರ್ಚು ಅಂತ ತೆಗೆಯುವ ವಿಧಾನ: ಖರೀದಿ ವಿಭಾಗದ ವರ್ಷದ ಖರ್ಚು ₹7,20,000, ಪಿ.ಒ. ಸಾಲು 1,800 ಅಂತಿರಲಿ. ಸಾಲಿಗೆ ₹400. ಸ್ಟೋರ್ಸ್ ₹4,80,000, ಇನ್‌ವರ್ಡ್ (ಮಾಲು ಒಳಗೆ ಬಂದ ಸಲ) 2,400, ತಲಾ ₹200. ಇನ್‌ವರ್ಡ್ ತಪಾಸಣೆ ₹3,60,000, ತಲಾ ₹150. ವರ್ಷಕ್ಕೆ ಆರು ಸಲ ತರಿಸುವ ಭಾಗವಾದರೆ 6 ಗುಣಿಸು 750, ಅಂದರೆ ₹4,500. ಈಗ ಎಲ್ಲರೂ ಮಾಡುವುದು ಏನು? 310ರಲ್ಲಿ 136 ಕಳೆದು 174, ಅದನ್ನು 4,500ರಿಂದ ಗುಣಿಸಿ ₹7,83,000 ಉಳಿತಾಯ ಅಂತ ಸ್ಲೈಡ್‌ನಲ್ಲಿ ಹಾಕುತ್ತಾರೆ.

ಇದು ತಪ್ಪು, ಎರಡು ಕಾರಣಕ್ಕೆ. ಒಂದು, ಉಳಿದ 136 ಭಾಗಗಳು ಮೊದಲಿಗಿಂತ ಹೆಚ್ಚು ಸಲ ಬರುತ್ತವೆ. ನಾಲ್ಕು ಮಾಡೆಲ್‌ನ ಬೇಡಿಕೆ ಅವುಗಳ ಮೇಲೇ ಬಿದ್ದಿದೆ. ಎರಡು, ಸ್ಟೋರ್ಸ್‌ನವರ ಸಂಬಳ ಪಾರ್ಟ್ ನಂಬರ್ ಜೊತೆ ಇಳಿಯಲ್ಲ. ಮುಂದಿನ ವರ್ಷವೂ ಅದೇ ₹4,80,000 ಹೋಗುತ್ತೆ. ಮಾಲೀಕರು ಲಾಭ ನಷ್ಟದ ಹಾಳೆ ತೆಗೆದು ಏಳು ಲಕ್ಷ ಎಲ್ಲಿ ಅಂತ ಕೇಳಿದರೆ ತೋರಿಸಲು ಏನೂ ಇರಲ್ಲ. ಆಮೇಲೆ ನಿಜವಾದ ಲಾಭ ಹೇಳಿದರೂ ನಂಬಲ್ಲ.

ಬದಲಿಗೆ ನಿಜವಾದ ಪಿ.ಒ. ಸಾಲು ಎಣಿಸಿ. 1,800 ಇದ್ದದ್ದು 1,150ಕ್ಕೆ ಬಂತು ಅಂತಾದರೆ 650 ಸಾಲು ಕಡಿಮೆ. ಸಾಲಿಗೆ 40 ನಿಮಿಷ ಅಂದರೆ ಸುಮಾರು 433 ಗಂಟೆ. ಇದನ್ನು ಗಂಟೆ ಅಂತಲೇ ಬರೆಯಿರಿ, ರೂಪಾಯಿ ಅಂತ ಬರೆಯಬೇಡಿ. ಆ 433 ಗಂಟೆಯಿಂದ ಓವರ್‌ಟೈಮ್ ನಿಂತಿದ್ದರೆ, ಬೇಕಾಗಿದ್ದ ಇನ್ನೊಬ್ಬರನ್ನು ತೆಗೆದುಕೊಳ್ಳದೆ ಕೆಲಸ ನಡೆದಿದ್ದರೆ, ಆ ಮೊತ್ತ ಮಾತ್ರ ರೂಪಾಯಿ ಕಾಲಮ್ಮಿಗೆ.

ನನ್ನ ಸಲಹೆ ನಾಲ್ಕು ಕಾಲಮ್. ಪ್ರತಿ ಯಂತ್ರಕ್ಕೂ ಮತ್ತೆ ಮತ್ತೆ ಉಳಿಯುವ ನಗದು (ಮಾಲು, ಕೂಲಿ, ವಾರಂಟಿ). ಒಂದೇ ಸಲ ಬಿಡುಗಡೆಯಾಗುವ ನಗದು (ಸ್ಟಾಕ್). ಬಿಡುವಾದ ಗಂಟೆ. ಕಡಿಮೆಯಾದ ದಿನ. ಈ ನಾಲ್ಕನ್ನು ಒಂದರೊಳಗೊಂದು ಕೂಡಿಸಲೇಬೇಡಿ. ಅದರಲ್ಲೂ ಸ್ಟಾಕ್: 15 ಲಕ್ಷ ಇದ್ದದ್ದು 9 ಲಕ್ಷಕ್ಕೆ ಇಳಿದರೆ 6 ಲಕ್ಷ ಬ್ಯಾಂಕಿಗೆ ವಾಪಸ್ ಬಂತು, ಒಂದೇ ಸಲ. ವರ್ಷ ವರ್ಷವೂ ಸಿಗುವುದು ಅದರ ಬಡ್ಡಿ. ಶೇಕಡಾ 12 ಅಂದರೆ ₹72,000. ಆರು ಲಕ್ಷವನ್ನೇ ವಾರ್ಷಿಕ ಉಳಿತಾಯ ಅಂತ ಬರೆದಿರುವ ವರದಿಗಳು ಬೇಕಾದಷ್ಟು ಸಿಗುತ್ತವೆ.

ಗೌರಿಬಿದನೂರು_ಸ್ಟೋರ್ಸ್

ಮೇಡಂ ಹೇಳಿದ ಆ ಆರು ಲಕ್ಷ ಇಳಿಯುತ್ತೋ ಇಲ್ಲವೋ ಅನ್ನುವುದೇ ಇಲ್ಲಿ ಪ್ರಶ್ನೆ. ಎಲ್ಲ ಕಡೆ ಹೇಳುವ ಲೆಕ್ಕ ಹೀಗಿರುತ್ತೆ: ನಾಲ್ಕು ಮಾಡೆಲ್‌ಗೆ ನಾಲ್ಕು ಬೇರೆ ಬೇರಿಂಗ್ ಹೌಸಿಂಗ್ (ಬೇರಿಂಗ್ ಕೂರುವ ಗೂಡು). ತಿಂಗಳ ಬೇಡಿಕೆಯ ಏರಿಳಿತ, ಅಂದರೆ ಸ್ಟ್ಯಾಂಡರ್ಡ್ ಡಿವಿಯೇಶನ್, ತಲಾ 6. ಮಾಲು ಬರಲು ಒಂದು ತಿಂಗಳು. ನೂರಕ್ಕೆ 95 ಸಲ ಸ್ಟಾಕ್ ಇರಬೇಕು ಅಂದರೆ 1.65 ಗುಣಿಸು 6, ಹತ್ತಿರ ಹತ್ತಿರ 10. ನಾಲ್ಕಕ್ಕೆ 40. ಎಲ್ಲದಕ್ಕೂ ಒಂದೇ ಹೌಸಿಂಗ್ ಮಾಡಿದರೆ ಏರಿಳಿತ ನಾಲ್ಕು ಪಟ್ಟಾಗಲ್ಲ, ನಾಲ್ಕರ ವರ್ಗಮೂಲದಷ್ಟು, ಅಂದರೆ ಎರಡು ಪಟ್ಟು: 12. ಅದಕ್ಕೆ 1.65, ಸುಮಾರು 20. ಮೀಸಲು ಸ್ಟಾಕ್ ಅರ್ಧಕ್ಕೆ ಇಳಿಯಿತು.

ಆದರೆ ಈ ವರ್ಗಮೂಲ ನಡೆಯುವುದು ನಾಲ್ಕು ಮಾಡೆಲ್‌ಗಳ ಬೇಡಿಕೆ ಒಂದಕ್ಕೊಂದು ಸಂಬಂಧವಿಲ್ಲದೆ ಏರಿಳಿದರೆ ಮಾತ್ರ. ಅಡಿಕೆಯಲ್ಲಿ ಹಾಗಿಲ್ಲವಲ್ಲ. ಗುಬ್ಬಿ, ಚಿಕ್ಕನಾಯಕನಹಳ್ಳಿ, ಕುಣಿಗಲ್ ಕಡೆ ಕೊಯ್ಲು ಶುರುವಾದರೆ 2 ಸಾಲಿನದಕ್ಕೂ ಫೋನ್, 8 ಸಾಲಿನದಕ್ಕೂ ಫೋನ್. ಬೇಡಿಕೆಗಳ ನಡುವಿನ ಕೋರಿಲೇಷನ್ (ಎಷ್ಟರ ಮಟ್ಟಿಗೆ ಒಟ್ಟಿಗೆ ಏರಿಳಿಯುತ್ತವೆ ಅನ್ನುವ ಅಂಕಿ; ಪೂರ್ತಿ ಒಟ್ಟಿಗೆ ಅಂದರೆ 1) 0.8 ಅಂತ ಹಾಕಿ ನೋಡಿ: 4ಕ್ಕೆ 12 (ನಾಲ್ಕು ಮಾಡೆಲ್, ಪ್ರತಿಯೊಂದಕ್ಕೂ ಉಳಿದ ಮೂರು) ಗುಣಿಸು 0.8 ಕೂಡಿ 13.6, ಅದರ ವರ್ಗಮೂಲ 3.69, ಗುಣಿಸು 6, ಗುಣಿಸು 1.65. ಸುಮಾರು 37. ನಲವತ್ತಕ್ಕೆ ಮೂವತ್ತೇಳು. ಅರ್ಧ ಉಳಿಯುತ್ತೆ ಅಂದವರಿಗೆ ಮೂರು ಪೀಸ್ ಉಳಿಯಿತು.

ಅಂತರಸನಹಳ್ಳಿ_ಫ್ಯಾಬ್

ಸ್ಟೋರ್ಸ್ ಅಣ್ಣ, ಹಾಗಾದರೆ ಸೀಸನ್ ಮೇಲೆ ನಡೆಯುವ ಮಾಲಿಗೆ ಸ್ಟಾಕ್ ಲಾಭ ಇಲ್ಲವೇ ಇಲ್ಲ ಅಂತಲಾ?

ಗೌರಿಬಿದನೂರು_ಸ್ಟೋರ್ಸ್

ಇದೆ. ಅಳೆಯುವ ಕಡೆ ಸರಿಯಾಗಿ ಅಳೆಯಬೇಕು ಅಷ್ಟೆ. ಕೊಯ್ಲಿನಲ್ಲಿ ಬೇಡಿಕೆ ಏರುತ್ತೆ ಅನ್ನುವುದು ಮೊದಲೇ ಗೊತ್ತಿರುವ ವಿಷಯ; ಗೊತ್ತಿರುವುದಕ್ಕೆ ಮೀಸಲು ಸ್ಟಾಕ್ ಬೇಡ, ಯೋಜನೆ ಸಾಕು. ಹಾಗಾಗಿ ಏರಿಳಿತವನ್ನು ನೇರ ಬೇಡಿಕೆಯ ಮೇಲೆ ತೆಗೆಯಬೇಡಿ. ತಿಂಗಳಿಗೆ ಇಷ್ಟು ಹೋಗುತ್ತೆ ಅಂತ ನೀವು ಅಂದಾಜು ಮಾಡಿದ್ದೆಷ್ಟು, ಹೋಗಿದ್ದೆಷ್ಟು, ಆ ವ್ಯತ್ಯಾಸದ ಮೇಲೆ ತೆಗೆಯಿರಿ. ಮಾಡೆಲ್‌ವಾರು ಅಂದಾಜು ತಪ್ಪುವುದು ಸಾಮಾನ್ಯವಾಗಿ ಅದಲು ಬದಲಾಗಿ: 4 ಸಾಲಿನದು ಹೋಗುತ್ತೆ ಅಂತಿದ್ದಾಗ 2 ಸಾಲಿನದು ಹೋಗಿರುತ್ತೆ. ಆ ತಪ್ಪನ್ನು ಕಾಮನ್ ಮಾಡ್ಯೂಲ್ ನುಂಗಿಕೊಳ್ಳುತ್ತೆ. ಮಳೆ ಕೈಕೊಟ್ಟು ಎಲ್ಲ ಮಾಡೆಲ್ ಒಟ್ಟಿಗೆ ಬಿದ್ದರೆ ಅದನ್ನು ಮಾಡ್ಯೂಲ್ ತಡೆಯಲ್ಲ. ಎರಡೂ ತಪ್ಪುಗಳನ್ನು ಬೇರೆ ಮಾಡಿ ನೋಡಿದರೆ ನಿಮ್ಮ ನಿಜವಾದ ಕೋರಿಲೇಷನ್ ಸಿಗುತ್ತೆ.

ಇನ್ನೊಂದು ಲಾಭ ಎಣಿಕೆಗೆ ಸಿಗುವಂಥದ್ದು: ಸೀಸನ್ ಇಲ್ಲದ ತಿಂಗಳಲ್ಲಿ ಯಂತ್ರ ಮಾಡಿಟ್ಟರೆ ಯಾವ ಮಾಡೆಲ್ ಅಂತ ಜೂಜಾಡಿದ ಹಾಗೆ. ಮಾಡ್ಯೂಲ್ ಮಾಡಿಟ್ಟರೆ ಆ ತೀರ್ಮಾನ ಆರ್ಡರ್ ಬಂದ ಮೇಲೆ. ಅಳತೆ: ಸೀಸನ್ ಮುಗಿದಾಗ ಮಾರಾಟವಾಗದೆ ನಿಂತ ಪೂರ್ತಿ ಯಂತ್ರಗಳ ಬೆಲೆ. ಇದೊಂದನ್ನು ವರ್ಷಕ್ಕೊಮ್ಮೆ, ಒಂದೇ ತಾರೀಖಿಗೆ ತೆಗೆದಿಡಿ.

ಮತ್ತೆ ಒಂದು ಎಚ್ಚರಿಕೆ. ಮಾಡ್ಯೂಲ್‌ಗಳು ಪೌಡರ್ ಕೋಟಿಂಗ್‌ಗೆ, ಡ್ರಂ ಬ್ಯಾಲೆನ್ಸಿಂಗ್‌ಗೆ ಹೊರಗೆ ಹೋಗುತ್ತವೆ. ಜಾಬ್ ವರ್ಕ್ (ಹೊರಗಿನವರಿಂದ ಮಾಡಿಸುವ ಕೆಲಸ) ಚಲನ್ ಮೇಲೆ ಹೋದ ಮಾಲು ನಿಮ್ಮದೇ ಸ್ಟಾಕ್. ಶೆಡ್ಡಿನಲ್ಲಿ ಇರುವುದನ್ನು ಮಾತ್ರ ಎಣಿಸಿ ಸ್ಟಾಕ್ ಇಳಿಯಿತು ಅಂದುಕೊಳ್ಳಬೇಡಿ. ಜಾಬ್ ವರ್ಕರ್ ಹತ್ತಿರ ಗುಡ್ಡೆ ಬಿದ್ದಿರುತ್ತೆ. ಜಿಎಸ್‌ಟಿಯ 143ನೇ ಸೆಕ್ಷನ್ ಪ್ರಕಾರ ಇನ್‌ಪುಟ್ ಮಾಲು ಒಂದು ವರ್ಷದೊಳಗೆ ವಾಪಸ್ ಬರಬೇಕು, ಹಾಗಾಗಿ ಆ ಚಲನ್ ಲೆಕ್ಕ ಹೇಗಿದ್ದರೂ ಇಡಲೇಬೇಕು. ಅದನ್ನೇ ಇಲ್ಲಿಗೂ ಬಳಸಿಕೊಳ್ಳಿ.

ನರಸಾಪುರ_ಕ್ವಾಲಿಟಿ

ಇಷ್ಟು ಹೊತ್ತು ಲಾಭದ ಮಾತಾಯಿತು. ಅದೆಲ್ಲ ನಿಂತಿರುವುದು ಎರಡು ಮಾಡ್ಯೂಲ್ ಸೇರುವ ಮುಖದ ಮೇಲೆ. ಆ ಮುಖ ಸರಿಯಿಲ್ಲದಿದ್ದರೆ ಫಿಟ್ಟರ್ ಸುತ್ತಿಗೆ, ಗ್ರೈಂಡರ್ ತೆಗೆದುಕೊಳ್ಳುತ್ತಾರೆ. ಉಜ್ಜಿ ಕೂರಿಸಿದ ಮಾಡ್ಯೂಲ್ ಆ ಒಂದು ಯಂತ್ರಕ್ಕೆ ಮಾತ್ರ ಕೂರುತ್ತೆ. ಅಲ್ಲಿಗೆ ಅದು ಮಾಡ್ಯೂಲ್ ಅಲ್ಲ.

ಏನು ತಪ್ಪುತ್ತೆ ಅಂತ ನೋಡಿ. ಸುಲಿಯುವ ಮಾಡ್ಯೂಲ್‌ನ ಪಕ್ಕದ ಪ್ಲೇಟಿಗೆ ಮೊದಲೇ ತೂತು ಕೊರೆದು ಆಮೇಲೆ ವೆಲ್ಡ್ ಮಾಡಿದರೆ ಶಾಖಕ್ಕೆ ಪ್ಲೇಟ್ ಎಳೆದು ತೂತಿನ ಜಾಗ ಸರಿಯುತ್ತೆ. ವೆಲ್ಡಿಂಗ್ ಮುಗಿದು ತಣ್ಣಗಾದ ಮೇಲೆ ಜಿಗ್ ಇಟ್ಟು ಕೊರೆಯಿರಿ. ಕೂರಿಸಲು ಎರಡು ದುಂಡನೆಯ ಡೋವೆಲ್ (ಜಾಗ ಹಿಡಿದು ಕೂರಿಸುವ ಪಿನ್) ಹಾಕಬೇಡಿ. ಎರಡು ತೂತಿನ ನಡುವಿನ ಅಂತರ ಚೂರು ತಪ್ಪಿದರೂ ಎರಡನೆಯದು ಇಳಿಯಲ್ಲ. ಒಂದು ದುಂಡು, ಇನ್ನೊಂದು ಡೈಮಂಡ್ ಪಿನ್ (ಪಕ್ಕಗಳನ್ನು ಚಪ್ಪಟೆ ಮಾಡಿದ ಪಿನ್) ಅಥವಾ ಉದ್ದ ಸ್ಲಾಟ್. 12 ಮಿ.ಮೀ. ಡೋವೆಲ್ ಆದರೆ ತೂತಿನ ಅಳತೆಯ ಮಿತಿ ಎಚ್7, ಅಂದರೆ 12.000ರಿಂದ 12.018. ಇದಕ್ಕೆ ಗೋ, ನೋಗೋ ಪ್ಲಗ್ ಗೇಜ್ (ಒಂದು ತುದಿ ತೂತಿಗೆ ಇಳಿಯಬೇಕು, ಇನ್ನೊಂದು ಇಳಿಯಬಾರದು) ಒಂದು ಸಾಕು.

ಪೌಡರ್ ಕೋಟಿಂಗ್ ಎಲ್ಲರೂ ಮರೆಯುವ ವಿಷಯ. ಮುಖಕ್ಕೆ 60ರಿಂದ 80 ಮೈಕ್ರಾನ್. ಸೇರುವ ಎರಡೂ ಮುಖಕ್ಕೆ ಬಿದ್ದರೆ ಜೋಡಣೆಗೆ 0.12ರಿಂದ 0.16 ಮಿ.ಮೀ. 8 ಸಾಲಿನದರಲ್ಲಿ ನಾಲ್ಕು ಮಾಡ್ಯೂಲ್, ಮೂರು ಜೋಡಣೆ: ಅರ್ಧ ಮಿ.ಮೀ. ಹತ್ತಿರ. ಅದಕ್ಕಿಂತ ಕೆಟ್ಟದ್ದು, ಬೋಲ್ಟ್ ಬಿಗಿದ ಮೇಲೆ ಅದುರಾಟಕ್ಕೆ ಆ ಪೇಂಟ್ ಪದರ ಕೂತು ಬೋಲ್ಟ್ ಸಡಿಲವಾಗುತ್ತೆ. ಸೇರುವ ಮುಖ, ಡೋವೆಲ್ ತೂತು ಎರಡಕ್ಕೂ ಟೇಪ್, ಪ್ಲಗ್ ಹಾಕಿ ಕೋಟಿಂಗ್‌ಗೆ ಕಳಿಸಿ. ಬರೇ ಮುಖಕ್ಕೆ ತುಕ್ಕು ಹಿಡಿಯದ ಹಾಗೆ ತೆಳುವಾಗಿ ಎಣ್ಣೆ.

ಸಾಲು ಸಾಲಾಗಿ ಒಂದರ ಬೆನ್ನಿಗೆ ಒಂದು ತಳ್ಳಿ ಜೋಡಿಸಿದರೆ ತಪ್ಪು ಕೂಡುತ್ತ ಹೋಗುತ್ತೆ. ಮಾಡ್ಯೂಲ್ ಅಗಲಕ್ಕೆ ಅರ್ಧ ಮಿ.ಮೀ. ಹೆಚ್ಚು ಕಡಿಮೆ ಬಿಟ್ಟಿದ್ದರೆ ನಾಲ್ಕರ ಕೊನೆಗೆ ಕೆಟ್ಟ ಪಕ್ಷ 2 ಮಿ.ಮೀ., ಡ್ರಂ ಶಾಫ್ಟ್ ಕಪ್ಲಿಂಗ್ ಅಷ್ಟರಲ್ಲಿ ಕೂಗಲು ಶುರು. ಪ್ರತಿ ಮಾಡ್ಯೂಲನ್ನೂ ಬೇಸ್ ರೈಲ್‌ನ ಒಂದೇ ತುದಿಯಿಂದ ಅಳೆದು ಕೂರಿಸಿ, ಮಾಡ್ಯೂಲ್ ಮಾಡ್ಯೂಲ್ ನಡುವೆ 1 ಮಿ.ಮೀ. ಸಂದು ಬಿಡಿ.

ಇದನ್ನು ಅಳೆಯುವ ಅಂಕಿ ಎರಡು. ಮೊದಲನೆಯದು, ಉಜ್ಜದೆ ಮೊದಲ ಸಲವೇ ಕೂತ ಜೋಡಣೆಗಳು ನೂರಕ್ಕೆ ಎಷ್ಟು. ಎರಡನೆಯದು, ಡ್ರಾಯಿಂಗ್ ಬದಲಾವಣೆಗಳಲ್ಲಿ ಒಂದೇ ಮಾಡ್ಯೂಲ್ ಒಳಗೆ ಮುಗಿದವು ಎಷ್ಟು, ಗಡಿ ದಾಟಿ ಪಕ್ಕದ ಮಾಡ್ಯೂಲ್ ಡ್ರಾಯಿಂಗನ್ನೂ ತಿದ್ದಿಸಿದವು ಎಷ್ಟು. ವರ್ಷದಲ್ಲಿ 40 ಬದಲಾವಣೆ ಆಗಿ 28 ಒಳಗೇ ಮುಗಿದರೆ ಶೇಕಡಾ 70. ಗಡಿ ದಾಟುವುದು ಅರ್ಧಕ್ಕೆ ಬಂದರೆ ಮಾಡ್ಯೂಲ್ ಕತ್ತರಿಸಿದ ಜಾಗವೇ ತಪ್ಪು.

ವಸಂತನರಸಾಪುರ_ಡಿಸೈನ್

ಕ್ವಾಲಿಟಿ ಸರ್ ಹೇಳಿದ ಆ ಎರಡನೇ ಅಂಕಿ ಬಹಳ ಜನಕ್ಕೆ ಗೊತ್ತಿಲ್ಲ, ದಯವಿಟ್ಟು ಇವತ್ತಿನಿಂದಲೇ ಇಡಿ.

ಎಷ್ಟು ಮಾಡ್ಯೂಲ್ ಅನ್ನುವುದಕ್ಕೂ ಲೆಕ್ಕ ಇದೆ. ಸ್ವೀಡನ್ನಿನ ಗುನ್ನಾರ್ ಎರಿಕ್ಸನ್ 1998ರಲ್ಲಿ ಮಾಡ್ಯುಲರ್ ಫಂಕ್ಷನ್ ಡಿಪ್ಲಾಯ್‌ಮೆಂಟ್ ಅನ್ನುವ ವಿಧಾನದಲ್ಲಿ ಕೊಟ್ಟದ್ದು: ಜೋಡಣೆಯ ಒಟ್ಟು ಸಮಯವನ್ನು ಮಾಡ್ಯೂಲ್ ಸಂಖ್ಯೆಯಿಂದ ಭಾಗಿಸಿ, ಅದಕ್ಕೆ ಮಾಡ್ಯೂಲ್‌ಗಳನ್ನು ಒಂದಕ್ಕೊಂದು ಸೇರಿಸುವ ಸಮಯ ಕೂಡಿ. 8 ಸಾಲಿನ ಯಂತ್ರಕ್ಕೆ 240 ಜೋಡಣೆ ಕೆಲಸ, ತಲಾ 4 ನಿಮಿಷ, ಒಟ್ಟು 960 ನಿಮಿಷ ಅಂತಿರಲಿ. ಒಂದು ಸೇರಿಕೆಗೆ 15 ನಿಮಿಷ. 4 ಮಾಡ್ಯೂಲ್ ಆದರೆ 240 ಕೂಡು 45, ಅಂದರೆ 285. 8 ಆದರೆ 120 ಕೂಡು 105, ಅಂದರೆ 225. 12 ಆದರೆ 80 ಕೂಡು 165, ಅಂದರೆ 245. 16 ಮಾಡಿದರೆ ಮತ್ತೆ 285. ತಳ ಸಿಗುವುದು 960 ಭಾಗಿಸು 15ರ ವರ್ಗಮೂಲದಲ್ಲಿ: 8.

ಆದರೆ ಇದು 8 ಮಾಡ್ಯೂಲನ್ನು 8 ಜನ ಒಟ್ಟಿಗೆ ಮಾಡುವ ಲೆಕ್ಕ. ಇರುವುದು ಮೂವರು ಫಿಟ್ಟರ್ ಅಂದರೆ ಒಬ್ಬರಿಗೆ ಮೂರು ಮಾಡ್ಯೂಲ್ ಬೀಳುತ್ತೆ: 360 ಕೂಡು 105, ಅಂದರೆ 465 ನಿಮಿಷ. ಒಟ್ಟು ಜನ-ನಿಮಿಷ ನೋಡಿದರೆ 960 ಇದ್ದದ್ದು 1,065 ಆಗಿದೆ, ಹೆಚ್ಚಾಗಿದೆ. ಆರ್ಡರ್ ಬಂದ ಮೇಲೆ ಕಾಯುವ ದಿನ ಇಳಿಯುತ್ತೆ, ಕೂಲಿ ಸ್ವಲ್ಪ ಏರುತ್ತೆ. ಎರಡನ್ನೂ ಬೇರೆ ಬೇರೆ ಬರೆಯಿರಿ. ಒಂದನ್ನು ಮಾತ್ರ ತೋರಿಸಿದರೆ ಶಾಪ್ ಫ್ಲೋರ್‌ನವರು ನಿಮ್ಮ ಲೆಕ್ಕ ನಂಬಲ್ಲ, ಅವರ ಕೈಗೆ ಕೆಲಸ ಜಾಸ್ತಿಯಾಗಿದ್ದು ಅವರಿಗೆ ಗೊತ್ತು.

ಮೋಟರ್ ಬಗ್ಗೆ. ಕಾಲಿನ ಮೋಟರ್ (ಕೆಳಗಿನ ಕಾಲಿಗೆ ಬೋಲ್ಟ್ ಹಾಕಿ ಕೂರಿಸುವುದು) ಹಾಕಿದರೆ ನಿಮ್ಮ ನಾಲ್ಕಕ್ಕೂ ಶಾಫ್ಟ್ ಎತ್ತರ ಬೇರೆ: 80, 90, 100, 112 ಮಿ.ಮೀ., ಫ್ರೇಮ್ ನಂಬರ್ ಕೂಡ ಅದೇ. ನಾಲ್ಕು ಬೇಸ್ ಬೇಕು. ಮೂರು ಫೇಸ್, 4 ಪೋಲ್, ಮುಂದಿನ ದುಂಡು ತಟ್ಟೆಗೆ ಬೋಲ್ಟ್ ಹಾಕಿ ಕೂರಿಸುವ ಫ್ಲ್ಯಾಂಜ್ ಮೋಟರ್‌ನಲ್ಲಿ 80 ಮತ್ತು 90 ಫ್ರೇಮ್ ಎರಡಕ್ಕೂ ಬೋಲ್ಟ್ ವೃತ್ತ 165, 100 ಮತ್ತು 112 ಎರಡಕ್ಕೂ 215. ಅಂದರೆ ಎರಡೇ ಡ್ರೈವ್ ಪ್ಲೇಟ್. ಶಾಫ್ಟ್ 19, 24, 28, 28. ಪುಲ್ಲಿಗೆ 1210 ಟೇಪರ್ ಬುಷ್ (ಪುಲ್ಲಿಯನ್ನು ಶಾಫ್ಟ್ ಮೇಲೆ ಹಿಡಿಯುವ ಓರೆ ಬುಷ್) ಹಾಕಿದರೆ ಮೂರೂ ಬೋರ್‌ಗೆ ಸಿಗುತ್ತೆ, ಬುಷ್ ಮಾತ್ರ ಬದಲಿ. ಸಿಂಗಲ್ ಫೇಸ್ ಕೇಳುವ ರೈತರಿಗೆ ಎಚ್ಚರ: ಅದೇ ಎಚ್‌ಪಿಗೆ ಫ್ರೇಮ್ ಕಂಪನಿಯಿಂದ ಕಂಪನಿಗೆ ಬದಲಾಗುತ್ತೆ, ಅಳತೆಯ ಹಾಳೆ ಕೈಗೆ ಬಂದ ಮೇಲೇ ಪಿ.ಒ.

ಕೋಲಾರ_ಕಾಸ್ಟ್_ಲೆಕ್ಕ

ಡ್ರೈವ್ ಪ್ಲೇಟ್ ವಿಷಯ ಬಂದಿದ್ದು ಒಳ್ಳೆಯದಾಯಿತು. ಮೊದಲ ಪೋಸ್ಟ್‌ನಲ್ಲಿ "ಡ್ರೈವ್ ಒಂದೇ" ಅಂತ ಇದೆ. ಅದನ್ನೇ ಲೆಕ್ಕ ಹಾಕಿ ನೋಡಿ. 5 ಎಚ್‌ಪಿ ತಡೆಯುವ ಡ್ರೈವ್ ಅನ್ನು 1 ಎಚ್‌ಪಿ ಯಂತ್ರಕ್ಕೂ ಹಾಕಿದರೆ 2 ಸಾಲಿನದಕ್ಕೆ ಹೆಚ್ಚುವರಿ 6 ಕೆಜಿ ಸ್ಟೀಲ್, ಕೆಜಿಗೆ ₹75 ಅಂದರೆ ₹450. ಅಡಾಪ್ಟರ್, ಬೋಲ್ಟ್, ಮಶೀನಿಂಗ್ ₹220. ಒಂದು ಯಂತ್ರಕ್ಕೆ ₹670, 180 ಯಂತ್ರಕ್ಕೆ ₹1,20,600 ನಷ್ಟ. 4 ಸಾಲಿನದು ಸರಿಸಮ ಅಂತಿರಲಿ. 6 ಸಾಲಿನದರಲ್ಲಿ ತಲಾ ₹800 ಉಳಿದರೆ ₹32,000. 8 ಸಾಲಿನದರಲ್ಲಿ ₹1,400 ಉಳಿದರೆ ₹35,000. ಒಟ್ಟಿಗೆ ನೋಡಿದರೆ ವರ್ಷಕ್ಕೆ ₹53,600 ಕೈಯಿಂದ ಹೋಯಿತು. ಯಂತ್ರ ಹೆಚ್ಚು ಹೋಗುವುದು ಚಿಕ್ಕದು, ಗಟ್ಟಿ ಭಾಗ ಬೇಕಾಗಿರುವುದು ದೊಡ್ಡದಕ್ಕೆ. ಮಾಡ್ಯೂಲ್‌ನ ಹೊರೆಯೆಲ್ಲ ಬೀಳುವುದು ಚಿಕ್ಕದರ ಮೇಲೆ.

ಡಿಸೈನ್ ಸರ್ ಹೇಳಿದ ಎರಡು ಡ್ರೈವ್ ತೆಗೆದುಕೊಳ್ಳಿ: 165ರದ್ದು 2 ಮತ್ತು 4 ಸಾಲಿಗೆ, 215ರದ್ದು 6 ಮತ್ತು 8ಕ್ಕೆ. ಹೆಚ್ಚುವರಿ ₹210ಕ್ಕೆ ಇಳಿದರೆ 180ಕ್ಕೆ ₹37,800. ದೊಡ್ಡವುಗಳ ₹67,000 ಹಾಗೇ ಉಳಿದರೆ ₹29,200 ಲಾಭಕ್ಕೆ ತಿರುಗಿತು. ಪಾರ್ಟ್ ನಂಬರ್ ಮಾತ್ರ 136ರಿಂದ 147ಕ್ಕೆ ಏರಿರುತ್ತೆ, ಇಂಡೆಕ್ಸ್ 3ರಿಂದ 2.78ಕ್ಕೆ ಇಳಿದಿರುತ್ತೆ. ಇಂಡೆಕ್ಸ್ ಇಳಿದು ಲಾಭ ಬಂದಿದೆ. ಇಂಡೆಕ್ಸ್ ಅನ್ನೇ ಗುರಿ ಮಾಡಿಕೊಂಡ ಕಾರ್ಖಾನೆ ಇಲ್ಲಿ ತಪ್ಪು ದಾರಿ ಹಿಡಿಯುತ್ತೆ.

ಶಿಡ್ಲಘಟ್ಟ_ಸರ್ವಿಸ್

ರೇಷ್ಮೆ ನೂಲು ತೆಗೆಯುವ ಯಂತ್ರಗಳ ಕಡೆಯಿಂದ ಒಂದು ಅಳತೆ ಹೇಳ್ತೀನಿ, ಅಡಿಕೆಗೂ ಹೊಂದುತ್ತೆ. ಮಲ್ಟಿ ಎಂಡ್ ಯಂತ್ರದಲ್ಲಿ ಸಾಮಾನ್ಯವಾಗಿ 10 ಬೇಸಿನ್ (ಗೂಡು ಹಾಕುವ ನೀರಿನ ತೊಟ್ಟಿ), ಬೇಸಿನ್‌ಗೆ 10 ಎಂಡ್ (ನೂಲಿನ ಎಳೆ), ಒಟ್ಟು 100. ಒಂದು ಬೇಸಿನ್‌ನ ಡ್ರೈವ್ ಕೆಟ್ಟಾಗ ಅದೊಂದನ್ನೇ ಬಿಡಿಸಿ ರಿಪೇರಿ ಮಾಡುವ ಹಾಗಿದ್ದರೆ 40 ನಿಮಿಷಕ್ಕೆ ನಿಂತದ್ದು 10 ಎಂಡ್, 400 ಎಂಡ್-ನಿಮಿಷ. ಇಡೀ ಶಾಫ್ಟ್ ನಿಲ್ಲಿಸಬೇಕಾದರೆ ಅದೇ 40 ನಿಮಿಷಕ್ಕೆ 4,000. ರಿಪೇರಿ ಸಮಯ ಎರಡರಲ್ಲೂ ಒಂದೇ. ಬರೀ ರಿಪೇರಿ ನಿಮಿಷ ಬರೆದಿಟ್ಟರೆ ಮಾಡ್ಯೂಲ್‌ನ ಉಪಯೋಗ ಕಾಣುವುದೇ ಇಲ್ಲ.

ನಿಮ್ಮಲ್ಲಿ ಇದನ್ನು ಸಾಲು-ನಿಮಿಷ ಅಂತ ಇಡಿ. ಕೊಯ್ದ ಹಸಿ ಅಡಿಕೆ ಕಾಯುತ್ತ ಕೂರಲ್ಲ. 8 ಸಾಲಿನದರಲ್ಲಿ ಒಂದು ಮಾಡ್ಯೂಲ್ ಕಪ್ಲಿಂಗ್ ಬಿಡಿಸಿ ಪಕ್ಕಕ್ಕಿಟ್ಟು ಉಳಿದ 6 ಸಾಲು ಓಡಿಸಲು ಆಗುತ್ತಾ? ಡ್ರೈವ್ ಸರಪಳಿಯ ನಡುವಿನ ಮಾಡ್ಯೂಲ್ ತೆಗೆದರೆ ಅದರ ಮುಂದಿನವು ನಿಲ್ಲುತ್ತವೆ. ಕೌಂಟರ್ ಶಾಫ್ಟ್ (ಮೋಟರಿನ ತಿರುಗುವಿಕೆಯನ್ನು ಹಂಚುವ ನಡುವಿನ ಶಾಫ್ಟ್) ಕೆಳಗೆ ಹೋಗಿ ಪ್ರತಿ ಮಾಡ್ಯೂಲ್‌ಗೂ ಬೇರೆ ಬೆಲ್ಟ್ ಇದ್ದರೆ ಮಾತ್ರ ಆಗುತ್ತೆ. ಇದನ್ನು ಡ್ರಾಯಿಂಗ್ ಮುಗಿಯುವ ಮುಂಚೆ ತೀರ್ಮಾನಿಸಿ.

ಇನ್ನೊಂದು ಮಾತು, ಕಾಮನ್ ಭಾಗದ ಅಪಾಯ. ಒಂದು ಬ್ಯಾಚ್ ಬೇರಿಂಗ್ ಹೌಸಿಂಗ್ ಕೆಟ್ಟದ್ದು ಬಂದರೆ ಮೊದಲು ಒಂದು ಮಾಡೆಲ್ ನರಳುತ್ತಿತ್ತು, ಈಗ ನಾಲ್ಕೂ. ಮಾಡ್ಯೂಲ್ ಪ್ಲೇಟ್ ಮೇಲೆ ಬ್ಯಾಚ್ ನಂಬರ್ ಪಂಚ್ ಮಾಡಿ, ಸ್ಟಿಕ್ಕರ್ ಬೇಡ, ತೋಟದಲ್ಲಿ ನಿಲ್ಲಲ್ಲ. ವಾರಂಟಿ ಲೆಕ್ಕವನ್ನು ಮಾಡೆಲ್‌ವಾರು ಅಲ್ಲ, ಮಾಡ್ಯೂಲ್‌ವಾರು ಬರೆಯಿರಿ.

ಅಂತರಸನಹಳ್ಳಿ_ಫ್ಯಾಬ್

ಎಲ್ಲರಿಗೂ ವಂದನೆ. ಡ್ರೈವ್ ಎರಡು ಮಾಡುತ್ತೇವೆ, ಕೌಂಟರ್ ಶಾಫ್ಟ್ ಕೂಡ ನೋಡುತ್ತೇವೆ. ಉಳಿದದ್ದು ಒಂದು: ಹೊಸದು ಶುರುವಾಗಿ ಎಷ್ಟು ತಿಂಗಳಿಗೆ ಅಳೆದರೆ ನ್ಯಾಯ? ಮಾರಾಟದವರು ಮಧ್ಯೆ "ಈ ಒಂದು ಆರ್ಡರ್‌ಗೆ ಮಾತ್ರ ಹಾಪರ್ ಎತ್ತರ ಮಾಡಿಕೊಡಿ" ಅಂದರೆ ಅದನ್ನು ಯಾವ ಲೆಕ್ಕಕ್ಕೆ?

ವಸಂತನರಸಾಪುರ_ಡಿಸೈನ್

ಮೊದಲ ವರ್ಷ ಪಾರ್ಟ್ ನಂಬರ್ ಏರುತ್ತೆ, ಹೆದರಬೇಡಿ. ಹಳೆಯ 310ರ ಮಾಲು ಮುಗಿಯಬೇಕು, ಹೊಸ 147 ಬಂದು ಸೇರುತ್ತೆ, ಕೆಲವು ತಿಂಗಳು ಎರಡೂ ಇರುತ್ತೆ. 6ನೇ ತಿಂಗಳಿಗೆ ಜೋಡಣೆಯ ಅಂಕಿ ಮಾತ್ರ ನೋಡಿ. ಸ್ಟಾಕ್ ಮತ್ತು ಪಿ.ಒ. ಸಾಲು ಪೂರ್ತಿ ಒಂದು ಸೀಸನ್ ದಾಟಿದ ಮೇಲೆ, 12 ಮತ್ತು 24ನೇ ತಿಂಗಳಿಗೆ. ವಾರಂಟಿ ಎರಡು ಸೀಸನ್ ಆಗದೆ ಮಾತಾಡಬೇಡಿ.

ಹಾಪರ್ ಎತ್ತರದ ಆರ್ಡರ್‌ಗೆ ಬೇರೆ ಅಂಕಿ: ಒಂದೂ ಹೊಸ ಡ್ರಾಯಿಂಗ್ ಇಲ್ಲದೆ, ಇರುವ ಮಾಡ್ಯೂಲ್‌ಗಳಿಂದಲೇ ಪೂರೈಸಿದ ಆರ್ಡರ್ ನೂರಕ್ಕೆ ಎಷ್ಟು. ತಿಂಗಳು ತಿಂಗಳು ಗೋಡೆಗೆ ಹಾಕಿ. ಉಳಿದ ಅಂಕಿಗಳು ಕೆಡುವ ಮುಂಚೆ ಇದು ಕೆಡುತ್ತೆ. ಸ್ಪೆಷಲ್ ಕೇಳಿದರೆ ಕೊಡಿ, ಡಿಸೈನ್ ಗಂಟೆ ಮತ್ತು ಜಿಗ್ ಖರ್ಚು ಬಿಲ್ಲಿನಲ್ಲಿ ಬೇರೆ ಸಾಲಾಗಿ ಹಾಕಿ. ಅದೇ ಹಾಪರ್ ಮೂರು ಸಲ ಕೇಳಿದರೆ ಅದು ಸ್ಪೆಷಲ್ ಅಲ್ಲ, ಒಂದು ಎಕ್ಸ್‌ಟೆನ್ಶನ್ ಕಾಲರ್ ಮಾಡ್ಯೂಲ್ ಮಾಡಿ.

ಗೌರಿಬಿದನೂರು_ಸ್ಟೋರ್ಸ್

ಹಳೆ ನಂಬರ್ ಮುಚ್ಚುವ ಕ್ರಮ ಹೇಳಿಬಿಡ್ತೀನಿ, ಏಕೆಂದರೆ ಸಾಮಾನ್ಯವಾಗಿ ಇಲ್ಲೇ ಲಾಭ ಸೋರುತ್ತೆ. ಪ್ರತಿ ಹಳೆ ಬಿನ್ ಕಾರ್ಡ್ (ಒಂದು ಭಾಗದ ಸ್ಟಾಕ್ ಲೆಕ್ಕದ ಚೀಟಿ) ಮೇಲೆ ಮೂರರಲ್ಲಿ ಒಂದು ಬರೆಯಿರಿ: ಉತ್ಪಾದನೆಗೆ ಇದೆ, ಸರ್ವಿಸ್‌ಗೆ ಮಾತ್ರ, ಮುಚ್ಚಿದೆ. ತೋಟಗಳಲ್ಲಿ ಓಡುತ್ತಿರುವ ಹಳೆ ಯಂತ್ರಗಳಿಗೆ ಡ್ರಂ, ಬೆಲ್ಟ್, ಹೌಸಿಂಗ್ ಇನ್ನೂ ವರ್ಷಗಟ್ಟಲೆ ಬೇಕು, ಅವು ಸರ್ವಿಸ್‌ಗೆ. ಅವನ್ನು ಬೇರೆ ರ್‍ಯಾಕ್‌ಗೆ ಸರಿಸಿ, ಬೇರೆ ಎಣಿಸಿ. ಉಳಿದದ್ದರ ಕೊನೆಯ ಪೀಸ್ ಹೋದ ದಿನ ಕಾರ್ಡ್‌ಗೆ ಅಡ್ಡ ಗೆರೆ ಎಳೆದು ತಾರೀಖು ಹಾಕಿ ಸಹಿ ಮಾಡಿಸಿ, ಸಿಸ್ಟಂನಲ್ಲಿ ಪಿ.ಒ. ಹಾಕಲು ಬಾರದ ಹಾಗೆ ಬ್ಲಾಕ್ ಮಾಡಿಸಿ. ಹಳೆ ವೆಲ್ಡಿಂಗ್ ಜಿಗ್ ಗೋಡೆಯಿಂದ ಇಳಿಸಿ. ಜಿಗ್ ಕಣ್ಣಿಗೆ ಕಾಣುವವರೆಗೂ ಸೀಸನ್ ಒತ್ತಡದಲ್ಲಿ ಯಾರಾದರೂ ಹಳೆ ಫ್ರೇಮ್ ಕಟ್ಟಿಬಿಡುತ್ತಾರೆ.

ಕೋಲಾರ_ಕಾಸ್ಟ್_ಲೆಕ್ಕ

ಆ ಸಹಿ ಆದ ಕಾರ್ಡ್‌ಗಳನ್ನು ಬಿಸಾಡಬೇಡಿ ಅಂತ ಹೇಳಿ, ಸ್ಟೋರ್ಸ್ ಅಣ್ಣ. ಒಂದು ಫೈಲ್‌ಗೆ ಹಾಕಿ ಮಾರ್ಚ್ ಕೊನೆಗೆ ಎಣಿಸಿದರೆ ಮಾಲೀಕರ ಎರಡನೇ ಪ್ರಶ್ನೆಗೆ ಅದೇ ಉತ್ತರ.